ಕಟ್ಟು ಬಿಚ್ಚಿದ ಪಟ

ಊರು ಹುಲಿಕಲ್ ಅಂದ ಕೂಡಲೇ ಬೆಂಗಳೂರಿನ ಕಡೆಯವರು, "ಓ, ಸಾಲುಮರದ ತಿಮ್ಮಕ್ಕನ ಊರು!" ಎನ್ನುತ್ತಾರೆ. ಅದು ಮಾಗಡಿ ಕಡೆಯ ಹುಲಿಕಲ್. ಅಲ್ಲಿ ಆ ತಾಯಿ ಕೊಡದಲ್ಲಿ ನೀರು ಹೊತ್ತು ಆಲದ ಸಸಿಗಳನ್ನು ಸಾಕಿದರು. ನಮ್ಮದು ಹೊಸನಗರ ತಾಲ್ಲೂಕಿನ, ಬಾಳೆಬರೆ ಘಾಟಿಯ ನೆತ್ತಿಯ ಮೇಲಿರುವ ಹುಲಿಕಲ್. ಇಲ್ಲಿ ಕಾಡಿನ ಗಿಡಕ್ಕೆ ನೀರು ಹೊತ್ತು ಹಾಕಿದವರ ಕಥೆ ಇಲ್ಲ. ಮಳೆಗಾಲದಲ್ಲಿ ಏನೇನನ್ನು ನೀರಿನಿಂದ ಉಳಿಸಿಕೊಂಡೆವು ಎಂಬ ಕಥೆಗಳೇ ಇರುವುದು. ಒಳ್ಳೆಯ ವರ್ಷವಾದರೆ ಆರೇಳು ಸಾವಿರ ಮಿಲಿಮೀಟರ್ ಸುರಿಯುತ್ತದೆ. ಆಗುಂಬೆಯ ಜತೆ ನಮಗೆ ಹಳೆಯ ಪೈಪೋಟಿ. "ಅವರಿಗೆ ಹೆಸರು, ನಮಗೆ ಮಳೆ" ಎಂದು ದೊಡ್ಡಪ್ಪ ಪ್ರತಿ ಆಷಾಢದಲ್ಲೂ ಒಮ್ಮೆಯಾದರೂ ಹೇಳುತ್ತಾರೆ, ಒಣಗದ ಪಂಚೆಯನ್ನು ಬಚ್ಚಲೊಲೆಯ ಮೇಲೆ ಹರಡುತ್ತಾ.

ಇಂಥ ಊರಲ್ಲಿ ಕಾಗದ ಉಳಿಯುವುದು ಕಷ್ಟ. ಜಾತಕ ಬೂಸಲು ಹಿಡಿಯುತ್ತದೆ, ಪಹಣಿ ಪತ್ರ ಹಪ್ಪಳದ ಹಾಗೆ ಸುರುಟಿಕೊಳ್ಳುತ್ತದೆ. ಫೋಟೋಗಳ ಪಾಡಂತೂ ಕೇಳಬೇಡಿ. ಪಡಸಾಲೆಯ ಗೋಡೆಯ ಮೇಲಿನ ಹಿರಿಯರೆಲ್ಲ ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಿದ್ದಾರೆ. ಒಬ್ಬರಿಗೆ ಕಿವಿ ಇಲ್ಲ. ಇನ್ನೊಬ್ಬರ ಎದೆಯ ಮೇಲೆ ಕಂದು ಚುಕ್ಕೆಗಳ ಹಾರ. ಚಿಕ್ಕಮ್ಮ ಮದುವೆಯಾಗಿ ಬಂದ ಹೊಸದರಲ್ಲಿ, ಸೊಸೆಯ ಉತ್ಸಾಹದಲ್ಲಿ, ಒಂದು ಪಟದ ಗಾಜು ತೆಗೆದು ಒದ್ದೆ ಬಟ್ಟೆಯಿಂದ ತಿಕ್ಕಿ ಒರೆಸಿದರಂತೆ. ಬೂಸಲಿನ ಜತೆ ಮುತ್ತಜ್ಜನ ತಮ್ಮನ ಮೀಸೆಯೂ ಹೋಯಿತು. ಆಮೇಲೆ ಹುಟ್ಟಿದ ನಾವೆಲ್ಲ ಅವರಿಗೆ ಮೀಸೆಯೇ ಇರಲಿಲ್ಲ ಎಂದುಕೊಂಡೇ ಬೆಳೆದೆವು.

ಆಮೇಲೆ ನನಗೆ ಗೊತ್ತಾದದ್ದು, ಫೋಟೋ ಕಾಗದದ ಮೇಲೆ ಬೆಳ್ಳಿಯ ಕಣಗಳನ್ನು ಹಿಡಿದಿಟ್ಟುಕೊಳ್ಳುವ ಪದರ ಜೆಲಾಟಿನ್‌ನದು. ಜೆಲಾಟಿನ್ ಎಂದರೆ ದನದ ಮೂಳೆ, ಚರ್ಮ ಬೇಯಿಸಿ ತೆಗೆದ ಅಂಟು. ನೆಂದರೆ ಉಬ್ಬುತ್ತದೆ, ಒರೆಸಿದರೆ ಕಿತ್ತು ಬರುತ್ತದೆ, ಬೂಸಲಿಗೂ ಹುಳುಗಳಿಗೂ ಅದೇ ಮೃಷ್ಟಾನ್ನ. ಜೀವನವಿಡೀ ಮಡಿಯಲ್ಲಿದ್ದು, ಅಂಗಡಿಯ ಬಿಸ್ಕತ್ತನ್ನೂ ಮುಟ್ಟದೆ ಹೋದ ನಮ್ಮ ಹಿರಿಯರೆಲ್ಲ ನೂರು ವರ್ಷದಿಂದ ಮೂಳೆಯ ಅಂಟಿನಲ್ಲಿ ಕೂತಿದ್ದಾರೆ. ಈ ವಿಷಯವನ್ನು ದೊಡ್ಡಪ್ಪನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಪಟಗಳಿಗೆಲ್ಲ ಪಂಚಗವ್ಯ ಪ್ರೋಕ್ಷಣೆಯಾಗುತ್ತದೆ. ಉಳಿದ ಮೀಸೆಗಳೂ ಹೋಗುತ್ತವೆ.

ಈಗ ಹೇಳಹೊರಟಿರುವುದು ಆ ಗೋಡೆಯ ಮಧ್ಯದ ದೊಡ್ಡ ಪಟದ ಕಥೆ. ಸಾಗರದ ಗುಡಿಗಾರರ ಕೈಕೆಲಸದ ಕಟ್ಟು, ಅದರೊಳಗೆ ಬೂದು ಬಣ್ಣದ ರಟ್ಟಿನ ಅಂಚು, ಅದರ ನಡುವೆ ಹನ್ನೊಂದು ಜನ. ಮುತ್ತಜ್ಜ ಬೆತ್ತದ ಕುರ್ಚಿಯಲ್ಲಿ, ಕಚ್ಚೆ ಪಂಚೆಯ ಮೇಲೆ ಕರಿಕೋಟು ತೊಟ್ಟು, ಯಾರದೋ ಮೇಲೆ ದಾವೆ ಹೂಡಲು ಹೊರಟವರಂತೆ ಕೂತಿದ್ದಾರೆ. ಹಿಂದೆ ನಿಂತವರಲ್ಲಿ ನನ್ನ ಅಜ್ಜ, ಆಗಿನ್ನೂ ಪಡ್ಡೆ, ತಲೆಯ ಮೇಲೆ ಖಾದಿ ಟೋಪಿ. ಕೆಳಗೆ ಜಮಖಾನದ ಮೇಲೆ ಮಕ್ಕಳು. ಒಬ್ಬ ಹುಡುಗನಿಗೆ ಎರಡು ತಲೆ. ಮೋಡದ ಬೆಳಕಿನಲ್ಲಿ ಪ್ಲೇಟು ಚಿತ್ರ ಹಿಡಿಯಬೇಕಾದರೆ ಕ್ಯಾಮರಾದ ಬಾಯಿಯ ಮುಚ್ಚಳ ತೆಗೆದು ಎಣಿಸಬೇಕಿತ್ತು, ಅಷ್ಟು ಹೊತ್ತು ಯಾರೂ ಅಲ್ಲಾಡಬಾರದಿತ್ತು. ಆ ಹುಡುಗ ಅಲ್ಲಾಡಿದ. ಮುಂದೆ ಅವರು ಮೇಷ್ಟರಾಗಿ, ತರಗತಿಯಲ್ಲಿ ಅಲ್ಲಾಡಿದ ಹುಡುಗರಿಗೆಲ್ಲ ಬೆತ್ತದ ರುಚಿ ತೋರಿಸಿದರು ಎಂಬುದು ಬೇರೆ ಮಾತು. ಹಳೆಯ ಪಟಗಳಲ್ಲಿ ಯಾರೂ ನಗುವುದಿಲ್ಲವೆಂದು ಈಗಿನವರು ಹೇಳುತ್ತಾರೆ. ಅಷ್ಟು ಹೊತ್ತು ನಕ್ಕುಕೊಂಡು ಕೂತು ನೋಡಲಿ, ಮುಖ ಏನಾಗುತ್ತದೆ ಗೊತ್ತಾಗುತ್ತದೆ.

ಪಟದ ಕಾಲ ಯಾವುದು? ತಾರೀಖು ಎಲ್ಲೂ ಇಲ್ಲ. ಕೆಳಗಿನ ರಟ್ಟಿನ ಮೇಲೆ ಸ್ಟುಡಿಯೋದ ಹೆಸರು ಒತ್ತಿದ್ದರು. ಅದರಲ್ಲೀಗ 'ಅಂಡ್ ಸನ್ಸ್' ಎಂಬುದಷ್ಟೇ ಉಳಿದಿದೆ. ತಂದೆಯನ್ನು ಗೆದ್ದಲು ತಿಂದಿದೆ. ದೊಡ್ಡಪ್ಪನ ವಾದವೆಲ್ಲ ಖಾದಿ ಟೋಪಿಯ ಮೇಲೆ ನಿಂತಿದೆ. 1927ರ ಆಗಸ್ಟಿನಲ್ಲಿ ಗಾಂಧೀಜಿ ಶಿವಮೊಗ್ಗ ಸೀಮೆಗೆ ಬಂದು, ತೀರ್ಥಹಳ್ಳಿ, ಸಾಗರಗಳಲ್ಲಿ ಮಾತಾಡಿದರು. ಅಜ್ಜ ಆ ಮಳೆಯಲ್ಲಿ ನಡೆದೇ ಹೋಗಿ ಭಾಷಣ ಕೇಳಿ, ಟೋಪಿ ಹಾಕಿಕೊಂಡು ಬಂದರಂತೆ. ಆದ್ದರಿಂದ ಪಟ 1927ರ ನಂತರದ್ದು. ಅತ್ತೆಯ ಪ್ರಕಾರ ಅಜ್ಜ ಭಾಷಣಕ್ಕೆ ಹೋಗಲೇ ಇಲ್ಲ, ಅರ್ಧ ದಾರಿಯಲ್ಲಿ ಹೊಳೆ ತುಂಬಿತ್ತೆಂದು ನೆಂಟರ ಮನೆಯಲ್ಲಿ ಎರಡು ದಿನ ಉಂಡು ವಾಪಸಾದರು; ಟೋಪಿಯೂ ಆ ನೆಂಟರದ್ದೇ. ನನಗೆ ಅತ್ತೆಯ ಮಾತೇ ನಿಜವೆನಿಸುತ್ತದೆ. ನಮ್ಮ ವಂಶದವರು ಹೊಳೆ ದಾಟಿದ್ದಕ್ಕಿಂತ ಹೊಳೆಯ ನೆಪ ಹೇಳಿದ್ದೇ ಹೆಚ್ಚು.

ಪಟದಲ್ಲಿ ಇಲ್ಲದವರ ಬಗ್ಗೆಯೂ ಕಥೆಯಿದೆ. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆಂದು ಚಿಕ್ಕಜ್ಜ ಅಡಿಕೆ ಅಟ್ಟ ಹತ್ತಿ ಕೂತುಬಿಟ್ಟರು. ಕರೆದರೂ ಇಳಿಯಲಿಲ್ಲ. ಕೂತವರಲ್ಲಿ ನಾಲ್ವರು ತೊಂಬತ್ತು ದಾಟಿದರು. ಚಿಕ್ಕಜ್ಜ ಐವತ್ತಾಗುವ ಮೊದಲೇ ಹೋದರು. ಹಿಸ್ಸೆಯಾದ ಮೇಲೆ ಅವರ ಮಕ್ಕಳಿಗೆ ಗದ್ದೆ ಬಂತು, ತೋಟ ಬಂತು, ಅಪ್ಪನ ಒಂದು ಪಟ ಮಾತ್ರ ಇಲ್ಲ. ಕೊನೆಗೆ, "ಹೇಗೂ ಹೋಲಿಕೆ ಇದೆ" ಎಂದು ನನ್ನ ಅಜ್ಜನ ಮುಖವನ್ನೇ ಈ ಪಟದಿಂದ ದೊಡ್ಡದು ಮಾಡಿಸಿ, ಟೋಪಿ ಅಳಿಸಿ ಮುಂಡಾಸು ಬರೆಸಿ, ಗಂಧದ ಹಾರ ಹಾಕಿ ಇಟ್ಟುಕೊಂಡಿದ್ದಾರೆ. ಆ ಮನೆಗೆ ಊಟಕ್ಕೆ ಹೋದಾಗಲೆಲ್ಲ ನಾನೂ ಕೈಮುಗಿಯುತ್ತೇನೆ. ನನ್ನ ಅಜ್ಜನೇ ತಾನೆ.

ಹೀಗೆ ಮುಖವೊಂದು ಹೆಸರು ಬದಲಾಯಿಸುವುದು ನಮ್ಮಲ್ಲಿ ಸುಲಭ. ಅಜ್ಜನ ಹೆಸರು ಮೊಮ್ಮಗನಿಗೆ ಎಂಬ ಪದ್ಧತಿಯಿಂದಾಗಿ ಎರಡೇ ಹೆಸರುಗಳು ಐದಾರು ತಲೆಮಾರುಗಳಲ್ಲಿ ಚಕ್ಕುಲಿಯಂತೆ ಸುತ್ತಿಕೊಂಡಿವೆ. ಇನ್ನೊಂದು ಪಟದ ಹಿಂದೆ ಯಾರೋ ಶ್ರದ್ಧೆಯಿಂದ ಹೆಸರು ಬರೆದಿದ್ದಾರೆ. ಆ ಹೆಸರಿನವರು ನಾಲ್ಕು ಜನ, ಅದರಲ್ಲೊಬ್ಬ ನನ್ನ ಅಣ್ಣನ ಮಗ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಹಿರಿಯರ ಹೆಸರು ನೆನಪಿಡುವ ಭಾರವನ್ನು ನಾವು ತರ್ಪಣಕ್ಕೆ ವಹಿಸಿದ್ದೇವೆ. ಅಪ್ಪ, ಅಜ್ಜ, ಮುತ್ತಜ್ಜ. ವಸು, ರುದ್ರ, ಆದಿತ್ಯ. ಅಲ್ಲಿಗೆ ಮುಗಿಯಿತು. ನಾಲ್ಕನೆಯವರನ್ನು ಕೇಳಿದರೆ ಪುರೋಹಿತರೂ ಕೆಮ್ಮುತ್ತಾರೆ. ಒಟ್ಟಿನಲ್ಲಿ ದರ್ಭೆಯ ತುದಿಯಲ್ಲಿ ಹೆಸರುಗಳಿವೆ, ಮುಖಗಳಿಲ್ಲ. ಗೋಡೆಯ ಮೇಲೆ ಮುಖಗಳಿವೆ, ಹೆಸರುಗಳಿಲ್ಲ. ಯಾರನ್ನು ಯಾರಿಗೆ ಜೋಡಿಸುವುದು ಎಂಬುದು ಜಾತಕ ಕೂಡಿಸುವುದಕ್ಕಿಂತ ಕಷ್ಟದ ಕೆಲಸ.

ಮನೆಗಳ ವಿಷಯದಲ್ಲಾದರೂ ನಾವು ಅದೃಷ್ಟವಂತರು. ಅಜ್ಜಿಯ ತವರು ಶರಾವತಿ ಕಣಿವೆಯಲ್ಲಿತ್ತು, 1964ರಲ್ಲಿ ಲಿಂಗನಮಕ್ಕಿಯ ನೀರಿನಡಿ ಸೇರಿತು. ಆ ಮನೆಯ ಗುರುತೆಂದು ಇರುವುದು ಒಂದೇ ಚಿತ್ರ: ಯಾರದೋ ಮದುವೆಯ ಚಪ್ಪರ, ಅದರ ಹಿಂದೆ, ನೆಂಟರ ತಲೆಗಳ ಮೇಲೆ, ಸೂರಿನ ಒಂದು ಮೂಲೆ. ಮದುಮಕ್ಕಳು ಯಾರೆಂದು ಅಜ್ಜಿ ಎಂದೂ ಹೇಳಲಿಲ್ಲ. ಸೂರಿನ ಮೂಲೆಗೆ ಬೆರಳಿಟ್ಟು, "ಇಲ್ಲಿ ಉಪ್ಪಿನಕಾಯಿ ಭರಣಿ ಇಡ್ತಿದ್ವಿ" ಎನ್ನುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಬೇಸಿಗೆಯ ಕೊನೆಗೆ ಹಿನ್ನೀರು ತೀರಾ ಇಳಿದಾಗ, 1948ರಲ್ಲಿ ಕಟ್ಟಿ ಮುಗಿಸಿ ಹದಿನಾರು ವರ್ಷಕ್ಕೇ ಮುಳುಗಿಸಿದ ಹಿರೇಭಾಸ್ಕರ ಅಣೆಕಟ್ಟು ಮಡೆನೂರಿನ ಹತ್ತಿರ ಮೆಲ್ಲಗೆ ತಲೆಯೆತ್ತುತ್ತದೆ. ಡಾರ್ಕ್‌ರೂಮಿನ ತಟ್ಟೆಯಲ್ಲಿ ಬಿಳಿ ಕಾಗದದಿಂದ ಚಿತ್ರ ಎದ್ದು ಬರುವುದೂ ಹೀಗೇ: ಮೊದಲು ಕಪ್ಪು ಅಂಚು, ಆಮೇಲೆ ಗೋಡೆ, ಆಮೇಲೆ ಗೋಡೆಯಲ್ಲಿನ ಕಿಂಡಿಗಳು. ಜನ ಗಾಡಿ ಮಾಡಿಕೊಂಡು ಹೋಗಿ ನೋಡಿ ಬರುತ್ತಾರೆ. ಅಜ್ಜಿಯನ್ನೂ ಒಮ್ಮೆ ಕರೆದರು. "ಕಟ್ಟೆ ಕಂಡ್ರೆ ಮನೆ ಕಂಡ ಹಾಗಾಯ್ತೇನೋ?" ಎಂದು ಹೋಗಲಿಲ್ಲ.

ದೊಡ್ಡ ಪಟಕ್ಕೆ ಬರೋಣ. ಕಳೆದ ವರ್ಷ ಶ್ರಾವಣದಲ್ಲಿ ಗೋಡೆಯ ಆ ಭಾಗದಲ್ಲಿ ನೀರಿಳಿದು ಕಟ್ಟಿನ ಹಿಂದಿನ ಹಲಗೆ ಬಿಟ್ಟುಕೊಂಡಿತು. ಕೆಳಗಿಳಿಸಿ ಬಿಚ್ಚಿದೆವು. ಒಳಗಿಂದ ಒಂದು ಒಣಗಿದ ಹಲ್ಲಿ, ಯಾರೋ ಯಾರಿಗೋ ಕೊಟ್ಟ ಹದಿನೈದು ರೂಪಾಯಿಯ ಕೈಸಾಲದ ಚೀಟಿ, ಒಂದು ನವಿಲುಗರಿ ಹೊರಬಿದ್ದವು. ಸಾಲದ ಚೀಟಿಯಲ್ಲಿ ಕೊಟ್ಟವರು ನಾವೋ ಪಡೆದವರು ನಾವೋ ಎಂಬುದು ಗೊತ್ತಾಗದಂತೆ ಮಡಿಕೆಯಲ್ಲೇ ಹರಿದಿತ್ತು. ದೊಡ್ಡಪ್ಪ, "ಕೊಟ್ಟವರೇ ನಾವು" ಎಂದು ತೀರ್ಪು ಕೊಟ್ಟು ಅದನ್ನು ದೇವರ ಕೋಣೆಯಲ್ಲಿಟ್ಟರು.

ಬೂದು ರಟ್ಟನ್ನು ಎತ್ತಿದಾಗ ಅದರಡಿಯಲ್ಲಿ ಪಟ ಇನ್ನೂ ಮುಂದುವರಿದಿತ್ತು. ನಾಲ್ಕೂ ಬದಿಗೆ ಒಂದೊಂದು ಇಂಚು. ಇಷ್ಟು ವರ್ಷ ಬೆಳಕು ಕಾಣದ್ದರಿಂದ ಆ ಭಾಗ ನಿನ್ನೆ ಮೊನ್ನೆ ತೆಗೆದಷ್ಟು ಹೊಸದಾಗಿತ್ತು. ಬಲಗಡೆ ಒಂದು ತುಳಸಿ ಕಟ್ಟೆ, ಕೆಳಗಡೆ ಜಮಖಾನದ ಗೊಂಡೆ. ಎಡಗಡೆ ಅಡುಗೆಮನೆಯ ಬಾಗಿಲು. ಬಾಗಿಲಲ್ಲಿ ಒಬ್ಬರು ನಿಂತಿದ್ದರು.

ಹನ್ನೊಂದು ಜನರ ಪಟ ಎಂದು ಎಣಿಸಿಕೊಂಡು ಬಂದಿದ್ದೆವು. ಇವರು ಹನ್ನೆರಡನೆಯವರು. ತಲೆಯ ಮೇಲೆ ಸೆರಗು, ಕಪ್ಪು ಸೀರೆ, ಅರ್ಧ ಮೈ ಬಾಗಿಲ ಒಳಗೆ. ಫೋಟೋದವನು 'ಅಲ್ಲಾಡಬೇಡಿ' ಎಂದದ್ದು ಇವರಿಗೆ ಹೇಳಿದ್ದಲ್ಲವಲ್ಲ, ಹಾಗಾಗಿ ಅಲ್ಲಾಡಿದ್ದಾರೆ. ಮುಖವಿರುವಲ್ಲಿ ಬೂದಿಯ ಬಣ್ಣದ ಒಂದು ಎಳೆತ. ಕೈಯಲ್ಲಿ ಏನೋ ಉದ್ದನೆಯದು.

ಅದು ಏನೆಂಬುದರ ಮೇಲೆ ಒಂದು ವಾರ ಚರ್ಚೆ ನಡೆಯಿತು. ಬೀಸಣಿಗೆ ಎಂದರು ದೊಡ್ಡಪ್ಪ. ಊದುಕೊಳವೆ ಎಂದರು ಚಿಕ್ಕಮ್ಮ. ಅಣ್ಣನ ಮಗ ಮೊಬೈಲಿನಲ್ಲಿ ಫೋಟೋ ಹೊಡೆದು ಹಿಗ್ಗಿಸುತ್ತಾ ಹೋದ. ಸ್ವಲ್ಪ ಹೊತ್ತಿಗೆ ಅದು ಬರೀ ಚೌಕಗಳಾಯಿತು. ಆಮೇಲೆ ಅವನು ಹಳೆಯ ಚಿತ್ರಗಳಿಗೆ ಬಣ್ಣ ತುಂಬುವ ಆ್ಯಪ್‌ಗೆ ಪಟವನ್ನು ಕೊಟ್ಟ. ಅರ್ಧ ನಿಮಿಷದಲ್ಲಿ ನಮ್ಮ ವಂಶಕ್ಕೆಲ್ಲ ಬಣ್ಣ ಬಂತು. ಮುತ್ತಜ್ಜನಿಗೆ ನೀಲಿ ಕಣ್ಣು. ಮುತ್ತಜ್ಜಿಯ ಹಣೆಯಲ್ಲಿ ಕಪ್ಪು ಕುಂಕುಮ. ಬಾಗಿಲಲ್ಲಿ ನಿಂತವರಿಗೆ ಅಚ್ಚ ಹಸಿರು ಸೀರೆ. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, "ಇವರೆಲ್ಲ ಯಾರ ಮನೆಯವರೋ?" ಎಂದರು.

ಆ ಕಪ್ಪು ಕುಂಕುಮ ನನ್ನನ್ನು ಬಿಡಲಿಲ್ಲ. ಸಾಗರದಲ್ಲಿ, ಈಗ ಸ್ಟುಡಿಯೋ ಮುಚ್ಚಿ ಮೊಮ್ಮಕ್ಕಳನ್ನು ಆಡಿಸಿಕೊಂಡಿರುವ ಹಿರಿಯರೊಬ್ಬರಿದ್ದಾರೆ. ನಾನು ಹುಡುಗನಾಗಿದ್ದಾಗ ನಮ್ಮ ಮನೆಗೆ ಬಂದ ಆಗ್ಫಾ ಕ್ಲಿಕ್ ಥ್ರೀ ಕ್ಯಾಮರಾಕ್ಕೆ, ಒಂದು ರೀಲಿಗೆ ಹನ್ನೆರಡೇ ಚಿತ್ರ ಎಂಬ ಜಿಪುಣ ಲೆಕ್ಕದಲ್ಲಿ ರೀಲು ಹಾಕಿಕೊಡುತ್ತಿದ್ದವರು. ಅವರ ಹತ್ತಿರ ಕೇಳಿದೆ. ಅವರು ನಕ್ಕರು. "ಡಾರ್ಕ್‌ರೂಮಿನಲ್ಲಿ ನಾವು ಯಾವ ದೀಪ ಹಚ್ಚಿಕೊಂಡು ಕೆಲಸ ಮಾಡ್ತಿದ್ವಿ ಹೇಳಿ?" ಕೆಂಪು ದೀಪ ಎಂದೆ. "ಯಾಕೆ? ಆ ಕಾಗದಕ್ಕೆ ಕೆಂಪು ಕಾಣೋದಿಲ್ಲ. ಮುಂಚಿನ ಪ್ಲೇಟುಗಳೂ ಹಾಗೇ. ಕೆಂಪಿಗೆ ಕುರುಡು. ಅದಕ್ಕೇ ಆ ಕಾಲದ ಪಟದಲ್ಲಿ ಕುಂಕುಮ ಕಪ್ಪು, ವೀಳ್ಯ ಹಾಕಿದ ತುಟಿ ಕಪ್ಪು, ಕೆಂಪು ಪತ್ತಲ ಇದ್ರೆ ಅದೂ ಕಪ್ಪು. ನೀಲಿ ಆಕಾಶ ಬಿಳಿ ಹಾಳೆ." ಎಲ್ಲ ಬಣ್ಣವನ್ನೂ ಗ್ರಹಿಸುವ ಫಿಲಂ ನಮ್ಮ ಕಡೆಯ ಸ್ಟುಡಿಯೋಗಳಿಗೆ ಬಂದದ್ದು ಆಮೇಲಾಮೇಲೆ. ಬಾಗಿಲಲ್ಲಿ ನಿಂತವರ ಸೀರೆ ತೋರಿಸಿದೆ. "ಕೆಂಪೂ ಆಗಿರಬಹುದು, ಕಪ್ಪೂ ಆಗಿರಬಹುದು, ಗಾಢ ಕಂದೂ ಆಗಿರಬಹುದು. ಪ್ಲೇಟಿಗೆ ಎಲ್ಲ ಒಂದೇ" ಎಂದರು. ಪ್ರಾಮಾಣಿಕರು.

ಮನೆಗೆ ಬಂದು ಇದನ್ನೇ ಹೇಳುತ್ತಿದ್ದೆ. ಅತ್ತೆ ಅಡಿಕೆ ಕತ್ತರಿಸುತ್ತಿದ್ದವರು ಅಡಕತ್ತರಿ ನಿಲ್ಲಿಸಿದರು. ಅವರಿಗೀಗ ಎಂಬತ್ತೆಂಟು, ಪಟ ತೆಗೆದಾಗ ಇನ್ನೂ ಹುಟ್ಟಿರಲಿಲ್ಲ. "ನಮ್ಮನೇಲಿ ಕಪ್ಪು ಸೀರೆ ಯಾರೂ ಉಡ್ತಿರ್ಲಿಲ್ಲ ಮಾರಾಯ. ಕೆಂಪೇ ಅದು" ಎಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಕೆಂಪಜ್ಜಿ" ಎಂದರು.

ಅತ್ತೆಗೆ ನಾಲ್ಕೈದು ವರ್ಷವಿದ್ದಾಗ ಮನೆಯಲ್ಲಿ ತೀರಾ ಮುದುಕಿಯೊಬ್ಬರಿದ್ದರು. ಒಲೆಯ ಹತ್ತಿರವೇ ಇರುತ್ತಿದ್ದರು. ತಲೆ ಬೋಳಿಸಿ, ಮಡಿ ಕೆಂಪು ಸೀರೆಯ ಸೆರಗನ್ನು ಹಣೆಯವರೆಗೆ ಎಳೆದುಕೊಂಡು. ಮಕ್ಕಳೆಲ್ಲ ಕೆಂಪಜ್ಜಿ ಎನ್ನುತ್ತಿದ್ದರು. ಅವರು ಕೆಂಪಗಿದ್ದುದರಿಂದ ಹಾಗೆ ಕರೆಯುವುದು ಎಂದು ಅತ್ತೆ ಇಷ್ಟು ವರ್ಷವೂ ತಿಳಿದಿದ್ದರಂತೆ. "ಕೆಂಪಗೆ ಇದ್ರೋ ಇಲ್ವೋ ನೆನಪೇ ಇಲ್ಲ. ಒಲೆ ಬೆಳಕಲ್ಲಿ ಎಲ್ಲರೂ ಕೆಂಪೇ." ಮುತ್ತಜ್ಜನ ಅಕ್ಕ. ಹತ್ತೋ ಹನ್ನೆರಡೋ ವರ್ಷಕ್ಕೆ ಗಂಡ ಹೋಗಿ ತವರಿಗೆ ಬಂದವರು.

ನಮ್ಮ ಮನೆಯಲ್ಲಿ ಈ ಪಟದ ಬಗ್ಗೆ ಎಲ್ಲರಿಗೂ ಬಾಯಿಪಾಠವಾಗಿರುವ ಒಂದು ಸಂಗತಿಯಿದೆ. ಘಟ್ಟದ ಕೆಳಗಿನಿಂದ, ಚಂಡಿಕಾಂಬೆಗೆ ಕೈಮುಗಿದು, ಗಾಜಿನ ಪ್ಲೇಟುಗಳ ಪೆಟ್ಟಿಗೆಯನ್ನು ಆಳಿನ ತಲೆಯ ಮೇಲಿಟ್ಟು ಹತ್ತಿ ಬಂದ ಆ ಫೋಟೋದವನು ಒಂದೇ ಕೂತಿಗೆ ಹದಿನಾಲ್ಕು ಹಲಸಿನ ಹಣ್ಣಿನ ಕಡುಬು ತಿಂದನಂತೆ. ಹದಿನೈದನೆಯದಕ್ಕೆ ಕೈ ಅಡ್ಡ ಹಿಡಿದನಂತೆ. ಮೂರು ತಲೆಮಾರು ಈ ಲೆಕ್ಕವನ್ನು ಒಂದೂ ತಪ್ಪದೆ ದಾಟಿಸಿಕೊಂಡು ಬಂದಿದ್ದೇವೆ. ತುಪ್ಪ ಎಷ್ಟು ಹಾಕಿಕೊಂಡ ಎಂಬುದೂ ಗೊತ್ತು. ಅಷ್ಟೂ ಕಡುಬು ಬೇಯಿಸಿದವರು ಯಾರು ಎಂದು ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ.

ಹೆಸರು ಹುಡುಕಿದೆ. ಅಜ್ಜನ ಕೈಬರಹದ, ಮಹಾಲಯದ ದಿನ ಮಾತ್ರ ಹೊರಬರುವ ಒಂದು ನೋಟುಬುಕ್ಕಿದೆ. ಪಕ್ಷಮಾಸದಲ್ಲಿ ಮೂರು ತಲೆಮಾರಿನ ಆಚೆಗೂ ಸ್ವಲ್ಪ ಔದಾರ್ಯವುಂಟು: ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಸೋದರತ್ತೆ, ಗುರುಗಳು, ಗೆಳೆಯರು, ಎಲ್ಲರಿಗೂ ಎಳ್ಳುನೀರು. ಸೋದರತ್ತೆ ಎಂಬಲ್ಲಿ ಎರಡು ಹೆಸರು. ಎರಡೂ ನದಿಗಳ ಹೆಸರು. ಒಂದರ ಮುಂದೆ ಗಂಡ, ಮಕ್ಕಳು ಸಮೇತ ಎಂದಿದೆ. ಇನ್ನೊಂದರ ಮುಂದೆ ಗಂಡ ಸಮೇತ ಎಂದಷ್ಟೇ ಇದೆ. ಈ ಎರಡನೆಯವರೇ ಬಾಗಿಲಲ್ಲಿ ನಿಂತವರು ಎನ್ನಲು ನನ್ನ ಬಳಿ ಆಧಾರವಿಲ್ಲ, ಅನುಮಾನವೂ ಇಲ್ಲ. ಅತ್ತೆಗೆ ಹೆಸರು ಓದಿ ಹೇಳಿದೆ. ಒಂದೆರಡು ಸಲ ಬಾಯಲ್ಲಿ ಹೊರಳಿಸಿ ನೋಡಿದರು. "ಇರಬಹುದು. ಆದ್ರೆ ಕೂಗಿದ್ರೆ ತಿರುಗಿ ನೋಡ್ತಿರ್ಲಿಲ್ಲ ಅನ್ನಿಸ್ತದೆ. ಯಾರೂ ಕೂಗಿದ್ದೇ ಇಲ್ವಲ್ಲ ಆ ಹೆಸರಲ್ಲಿ."

ಪಟದ ಹಿಂದೆ ಪೆನ್ನಿನಲ್ಲಿ ಬರೆಯಬೇಡಿ, ಶಾಯಿ ಮುಂದಕ್ಕೆ ಇಳಿಯುತ್ತದೆ, ಮೆತ್ತನೆಯ ಪೆನ್ಸಿಲ್ ಸಾಕು ಎಂದು ಸ್ಟುಡಿಯೋದ ಹಿರಿಯರು ಹೇಳಿಕೊಟ್ಟಿದ್ದರು. ಅದೇ ರೀತಿ ಹನ್ನೆರಡು ಜನರ ಹೆಸರನ್ನೂ, ಯಾರಿಗೆ ಏನಾಗಬೇಕು ಎಂಬುದನ್ನೂ ಬರೆದೆ. ಎರಡು ತಲೆಯ ಹುಡುಗನ ಹೆಸರನ್ನು ಒಂದೇ ಸಲ ಬರೆದೆ. ಎಡತುದಿಯಲ್ಲಿ ನದಿಯ ಹೆಸರು, ಪಕ್ಕದಲ್ಲಿ 'ಕೆಂಪಜ್ಜಿ'.

ಮಳೆ ಸ್ವಲ್ಪ ಹೊಳವಾದ ದಿನ ಪಟವನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಸಾಗರಕ್ಕೆ ಹೋದೆ. ಕಟ್ಟು ಹಾಕುವ ಹುಡುಗ ಪಟವನ್ನು ಮೇಜಿನ ಮೇಲಿಟ್ಟು ಅಳತೆ ತೆಗೆದ. ಹಳೆಯ ಕಟ್ಟನ್ನೇ ಉಳಿಸಿಕೊಳ್ಳಿ, ಇಂಥ ಕೆತ್ತನೆ ಈಗ ಸಿಗೋದಿಲ್ಲ ಎಂದ. ಹೊಸ ರಟ್ಟನ್ನು ಪಟದ ಮೇಲೆ ಹಿಡಿದು ನೋಡಿ, ಎಡಗಡೆಗೆ ಸರಿಸಿದ.

"ಈ ಬದಿಗೆ ಎಂತದೋ ಒಂದು ಕಲೆ ಬಿದ್ದಿದೆ ಸಾರ್. ರಟ್ಟು ಒಂದಿಂಚು ಒಳಗೆ ತಗೊಂಡ್ರೆ ಮುಚ್ಚಿ ಹೋಗ್ತದೆ. ನೀಟಾಗಿ ಕಾಣ್ತದೆ."

"ಅದು ಕಲೆ ಅಲ್ಲ ಮಾರಾಯ. ನಮ್ಮ ಅಜ್ಜನ ಸೋದರತ್ತೆ."

ಅವನು ರಟ್ಟು ಬದಿಗಿಟ್ಟ. ಟ್ಯೂಬ್‌ಲೈಟಿನ ಕೆಳಗೆ ಪಟವನ್ನು ಓರೆಯಾಗಿ ಹಿಡಿದು, ಮೂಗು ತಗಲುವಷ್ಟು ಬಗ್ಗಿ ತುಂಬ ಹೊತ್ತು ನೋಡಿದ.

"ಕೈಯಲ್ಲಿರೋದು ಸೌಟಾ ಸಾರ್?" ಎಂದ.